ಬಾಗಿಲಿಗೆ ಬಂದ ಮಾಸ್ತರರು

ವರದೆ ದೊಡ್ಡ ಹೊಳೆಯಲ್ಲ. ಸಾಗರದ ಹತ್ತಿರದ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿಕೊಂಡು, ಹಾವೇರಿ ಸೀಮೆಯ ಗೋವಿನಜೋಳ, ಹತ್ತಿಯ ಹೊಲಗಳ ನಡುವೆ ಅವಸರವಿಲ್ಲದೆ ಹಾದು, ಗಳಗನಾಥದ ಹತ್ತಿರ ತುಂಗಭದ್ರೆಯನ್ನು ಕೂಡುತ್ತದೆ. ಮುಂಗಾರಿನಲ್ಲಿ ಬಂದವರಿಗೆ ಕಾಣುವುದು ದಂಡೆ ತುಂಬಿದ ಕೆನ್ನೀರು. ಬೇಸಿಗೆಯಲ್ಲಿ ಬಂದವರಿಗೆ ಉಸುಕಿನ ನಡುವೆ ಒಂದೆಳೆ ನೀರು. ಸಂಗಮದಲ್ಲಿ ನಿಂತು ಯಾವ ನೀರು ವರದೆಯದು, ಯಾವುದು ತುಂಗಭದ್ರೆಯದು ಎಂದು ಹುಡುಕುವುದು ಅಲ್ಲಿಗೆ ಹೋದ ಎಲ್ಲರ ಮೊದಲ ಕೆಲಸ. ಸ್ವಲ್ಪ ಹೊತ್ತಿಗೆ ಆ ಹುಡುಕಾಟ ತಾನಾಗಿ ನಿಲ್ಲುತ್ತದೆ. ಆಮೇಲೆ ಕಲ್ಲಿನ ಮೇಲೆ ಕೂತು ಗಾಳಿಗೆ ಮೈಯೊಡ್ಡುವುದೊಂದೇ ಉಳಿಯುತ್ತದೆ. ಬುತ್ತಿ ಕಟ್ಟಿಕೊಂಡು ಹೋಗಿದ್ದರೆ ಇನ್ನೂ ಚಲೋ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ ಗಟ್ಟಿ ಮೊಸರು. ಹೊಳೆ ದಂಡೆಯಲ್ಲಿ ಉಂಡ ರೊಟ್ಟಿಗೆ ಮನೆಯಲ್ಲಿ ಉಂಡ ರೊಟ್ಟಿಗಿಂತ ಬೇರೆ ರುಚಿ ಇರುತ್ತದೆ ಎಂದು ನಮ್ಮ ಕಡೆಯವರೆಲ್ಲ ನಂಬಿದ್ದಾರೆ, ನಾನೂ ನಂಬಿದ್ದೇನೆ.

ದಂಡೆಯ ಮೇಲೆ ಗಳಗೇಶ್ವರನ ಗುಡಿ. ಕಲ್ಯಾಣದ ಚಾಲುಕ್ಯರ ಕಾಲದ್ದು, ಹನ್ನೊಂದನೆಯ ಶತಮಾನದ ಕಟ್ಟಡ. ಹಾವೇರಿಯ ಸಿದ್ದೇಶ್ವರ, ರಾಣೆಬೆನ್ನೂರು ತಾಲೂಕಿನ ಚೌಡದಾನಪುರದ ಮುಕ್ತೇಶ್ವರ, ಇವನ್ನೆಲ್ಲ ನೋಡಿ ಬಂದವರಿಗೆ ಈ ಗುಡಿ ಬೇರೆಯೇ ಅನ್ನಿಸುತ್ತದೆ. ಶಿಖರದ ಬುಡದಲ್ಲಿ ಹಂತ ಹಂತವಾಗಿ ಒಳಸರಿಯುತ್ತ ಏರುವ ಕಲ್ಲಿನ ಕಟ್ಟೋಣ, ಪಿರಮಿಡ್ಡಿನ ಆಕಾರ. ಮೇಲಿನ ಭಾರವನ್ನು ಹೊತ್ತು ನಿಲ್ಲುವ ಅಗಲವಾದ ಬುಡ ಅದು. ಶಿಖರದ ಕೆತ್ತನೆ ನೋಡಿ ಕಣ್ಣು ದಣಿದ ಮೇಲೆ ಕೆಳಗಿನ ಆ ಸಾದಾ ಕಲ್ಲುಗಳನ್ನು ನೋಡುತ್ತ ಕೂಡುವುದು ನನಗೆ ಇಷ್ಟ. ಒಂದೊಂದನ್ನೂ ಯಾರೋ ಹೊತ್ತು ತಂದದ್ದು, ಯಾರೋ ಮಟ್ಟ ನೋಡಿ ಇಟ್ಟದ್ದು. ಅವರ ಹೆಸರು ಯಾವ ಶಾಸನಕ್ಕೂ ಬೇಕಾಗಲಿಲ್ಲ.

ಆದರೆ ಗಳಗನಾಥ ಎಂದೊಡನೆ ಕನ್ನಡ ಓದುವ ಮಂದಿಗೆ ಗುಡಿಗಿಂತ ಮೊದಲು ನೆನಪಾಗುವುದು ಒಬ್ಬ ಮನುಷ್ಯ. ವೆಂಕಟೇಶ ತಿರಕೋ ಕುಲಕರ್ಣಿ. ಹುಟ್ಟಿದ್ದು 1869ರಲ್ಲಿ, ತೀರಿಕೊಂಡದ್ದು 1942ರಲ್ಲಿ. ವೃತ್ತಿಯಿಂದ ಕನ್ನಡ ಸಾಲಿಯ ಮಾಸ್ತರರು. ಬರೆಯತೊಡಗಿದಾಗ ತಮ್ಮ ಹೆಸರನ್ನು ಬದಿಗಿಟ್ಟು ಊರಿನ ಹೆಸರನ್ನೇ ಇಟ್ಟುಕೊಂಡರು. ಕನ್ನಡದ ಕಾದಂಬರಿ ಪಿತಾಮಹ ಎಂದು ಅವರನ್ನು ಕರೆಯುವ ರೂಢಿಯಿದೆ. ಧಾರವಾಡದಲ್ಲಿ 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಅವರ ‘ಪ್ರಬುದ್ಧ ಪದ್ಮನಯನೆ’ಗೆ ಬಹುಮಾನ ಕೊಟ್ಟಿತು. ಆಮೇಲೆ ‘ಕಮಲಕುಮಾರಿ’, ‘ಕುಮುದಿನಿ’, ‘ಕನ್ನಡಿಗರ ಕರ್ಮಕಥೆ’, ‘ಮಾಧವ ಕರುಣಾ ವಿಲಾಸ’ ಹೀಗೆ ಸಾಲುಸಾಲಾಗಿ ಬಂದವು. ಹಲವನ್ನು ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳ ಆಧಾರದ ಮೇಲೆ ಬರೆದರು. ವಿಜಯನಗರ ಬಿದ್ದ ಕಥೆ ‘ಕರ್ಮಕಥೆ’ಯಾದರೆ, ವಿದ್ಯಾರಣ್ಯರನ್ನು ನಡುವೆ ನಿಲ್ಲಿಸಿ ವಿಜಯನಗರ ಕಟ್ಟಿದ ಕಥೆ ‘ಮಾಧವ ಕರುಣಾ ವಿಲಾಸ’. ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಇದೆಲ್ಲ ಇದೆ, ಪರೀಕ್ಷೆಗೆ ಕೂಡುವ ಹುಡುಗರಿಗೆ ಬಾಯಿಪಾಠವೂ ಆಗಿದೆ.

ನನ್ನ ಮನಸ್ಸು ನಿಲ್ಲುವುದು ಬೇರೊಂದು ಕಡೆ. ಈ ಮಾಸ್ತರರು ತಮ್ಮ ಪುಸ್ತಕಗಳನ್ನು ಗಂಟು ಕಟ್ಟಿ, ತಾವೇ ಹೊತ್ತುಕೊಂಡು, ಊರೂರು ತಿರುಗಿ, ಮನೆಮನೆಯ ಬಾಗಿಲಿಗೆ ಹೋಗಿ ಮಾರಿದರು.

ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುವವರೇ ಹೆಚ್ಚು. ನಾನು ಆ ಸಾಲಿನಲ್ಲೇ ಸ್ವಲ್ಪ ಕೂಡುತ್ತೇನೆ. ಆಗಿನ ಕಾಲ ಹೇಗಿತ್ತು ನೋಡಿ. ನಮ್ಮ ಈ ಭಾಗ ಮುಂಬಯಿ ಇಲಾಖೆಯಲ್ಲಿತ್ತು. ಕಚೇರಿಯಲ್ಲಿ ಮರಾಠಿ, ನಾಟಕದಲ್ಲಿ ಮರಾಠಿ, ನಾಲ್ಕು ಅಕ್ಷರ ಕಲಿತವರ ಕೈಯಲ್ಲಿ ಮರಾಠಿ ಪುಸ್ತಕ. ಮನೆಯಲ್ಲಿ ಅವ್ವನ ಜೊತೆ ಕನ್ನಡ ಮಾತಾಡಿದವರು ಪತ್ರ ಬರೆಯಲು ಕೂತರೆ ಮರಾಠಿಯ ಮೋಡಿ ಲಿಪಿ ಬರುತ್ತಿತ್ತು. ಕನ್ನಡದಲ್ಲಿ ಓದಲಿಕ್ಕೆ ಏನಿದೆ ಎಂದು ಕೇಳಿದರೆ ಅದು ಯಾರನ್ನೂ ನೋಯಿಸಲೆಂದು ಕೇಳಿದ ಮಾತಾಗಿರಲಿಲ್ಲ. ನಿಜವಾಗಿಯೂ ಉತ್ತರ ಗೊತ್ತಿಲ್ಲದೆ ಕೇಳಿದ ಮಾತು. ಇಂಥ ಹೊತ್ತಿನಲ್ಲಿ ಸಭೆ ಕೂಡಿಸಿ ಭಾಷಣ ಮಾಡುವುದು ಒಂದು ದಾರಿ. ಅದನ್ನು ಮಾಡಿದವರೂ ಇದ್ದರು, ಅವರ ಋಣವೂ ನಮ್ಮ ಮೇಲಿದೆ. ಗಳಗನಾಥರು ಹಿಡಿದದ್ದು ಇನ್ನೊಂದು ದಾರಿ. ಬರೆದರು, ಅಚ್ಚು ಹಾಕಿಸಿದರು, ಹೊತ್ತುಕೊಂಡು ನಡೆದರು. ಆ ಕೇಳಿಕೆಗೆ ಉತ್ತರವನ್ನು ಬಾಗಿಲಿಗೇ ಒಯ್ದರು.

ಆ ನಡಿಗೆಯನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ನೋಡಿದ್ದೇನೆ. ಹೀಗೆಯೇ ನಡೆಯಿತು ಎಂದು ಯಾರೂ ಬರೆದಿಟ್ಟದ್ದಲ್ಲ, ನನಗೆ ಕಾಣುವುದು ಮಾತ್ರ. ಬಿಸಿಲೇರುವ ಮೊದಲೇ ಊರು ಬಿಟ್ಟಿದ್ದಾರೆ. ಕಾಲುಹಾದಿಯ ಎರೆಮಣ್ಣಿನ ಧೂಳು ಧೋತರದ ಅಂಚಿಗೆ ಹತ್ತಿದೆ. ಅಗಸಿ ಬಾಗಿಲಿನಲ್ಲಿ ಗಂಟು ಇಳಿಸಿ ಹೆಗಲು ಸವರಿಕೊಳ್ಳುತ್ತಾರೆ. ಮೊದಲನೆಯ ಮನೆಯ ಕಟ್ಟೆ.

“ಯಾರ್ರೀ ಅದು?”

“ನಾ ಗಳಗನಾಥದ ಮಾಸ್ತರ್ರೀ. ಪುಸ್ತಕ ತಂದೇನಿ.”

“ಬರ್ರಿ, ಬರ್ರಿ, ಕುಂದರ್ರಿ ಮೊದಲ. ಬಿಸಲಾಗ ಬಂದೀರಿ, ನೀರು ಕುಡೀರಿ.”

ಹಿತ್ತಾಳೆ ತಂಬಿಗೆಯಲ್ಲಿ ನೀರು, ಅಂಗೈ ಮೇಲೆ ಒಂದು ಬೆಲ್ಲದ ಚೂರು. ನಮ್ಮ ಸೀಮೆಯಲ್ಲಿ ಯಾರೇ ಬಂದರೂ ಮೊದಲು ನಡೆಯುವ ಮರ್ಯಾದೆ ಇದು. ಕೆಲಸದ ಮಾತು ಆಮೇಲೆ. ನೀರು ಕುಡಿದು ಗಂಟು ಬಿಚ್ಚಿದ ಮೇಲೆ ಮನೆಯ ಯಜಮಾನ ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡುತ್ತಾನೆ, ಬೆಲೆ ಕೇಳುತ್ತಾನೆ, ‘ನಮಗ್ಯಾಕ್ರೀ ಇದೆಲ್ಲಾ’ ಎನ್ನುತ್ತಾನೆ. ಮಾಸ್ತರರು ವಾದಕ್ಕಿಳಿಯುವುದಿಲ್ಲ. ಒಂದು ಪುಟ ತೆಗೆದು ಓದತೊಡಗುತ್ತಾರೆ. ಸಾಲಿಯಲ್ಲಿ ಮಕ್ಕಳಿಗೆ ಓದಿ ಹೇಳಿ ಪಳಗಿದ ದನಿ. ಕುದುರೆಯ ಮೇಲೊಬ್ಬ ಬರುತ್ತಾನೆ, ಕೋಟೆಯ ಬಾಗಿಲು ಮುಚ್ಚಿರುತ್ತದೆ, ಒಳಗೊಬ್ಬಳು ಹುಡುಗಿ ಕಾಯುತ್ತಿರುತ್ತಾಳೆ. ಪಡಸಾಲೆಯ ಒಳಗೆ ಬೀಸುಕಲ್ಲಿನ ಸದ್ದು ನಿಂತು ಹೋಗುತ್ತದೆ. ಯಾರೋ ಹೆಣ್ಣುಮಗಳು ಬಾಗಿಲ ಮರೆಯಲ್ಲಿ ಬಂದು ನಿಂತಿದ್ದಾಳೆ. ಮಾಸ್ತರರು ಅಲ್ಲಿಗೆ ನಿಲ್ಲಿಸುತ್ತಾರೆ. “ಮುಂದ ಏನಾತ್ರಿ?” ಎಂಬ ದನಿ ಒಳಗಿನಿಂದ. ಆ ಮನೆಯಲ್ಲಿ ಒಂದು ಪುಸ್ತಕ ಉಳಿಯುತ್ತದೆ.

ಹೀಗೆ ಒಂದು ಬಾಗಿಲು, ಇನ್ನೊಂದು ಬಾಗಿಲು. ಕೆಲವು ಬಾಗಿಲು ತೆರೆದಿರಲಿಕ್ಕಿಲ್ಲ. ಮನುಷ್ಯ ಮತ್ತೆ ಗಂಟು ಕಟ್ಟಿ ಹೆಗಲಿಗೇರಿಸಿಕೊಳ್ಳುತ್ತಾನೆ. ಇದರಲ್ಲಿ ಸಾಹಸ ಎಂದು ಕರೆಯುವಂಥದ್ದು ಏನೂ ಇಲ್ಲ. ಬಳೆಗಾರರು, ಚಾಪೆ ಮಾರುವವರು, ಭಾಂಡೆ ಮಾರುವವರು ದಿನವೂ ಮಾಡುತ್ತಿದ್ದ ಕೆಲಸ. ಬರೆದವರೇ ಇದನ್ನು ಮಾಡಿದರು, ವರ್ಷಗಟ್ಟಲೆ ಮಾಡಿದರು, ಅಷ್ಟೇ ಹೊಸದು. ಅಷ್ಟರಿಂದಲೇ ಒಂದು ಸೀಮೆಯ ಓದು ಬದಲಾಯಿತು. ಹಾವೇರಿ ಹತ್ತಿರದ ಅಗಡಿಯ ಆನಂದವನದಲ್ಲಿ, ಶೇಷಾಚಲ ಸದ್ಗುರುಗಳ ಆಶ್ರಯದಲ್ಲಿ, ಅವರು ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ನಡೆಸಿದಾಗ ಅದು ಸಾವಿರಾರು ಮನೆಗಳಿಗೆ ಹೋಗುತ್ತಿತ್ತು. ತಿಂಗಳಿಗೊಮ್ಮೆ ಟಪಾಲಿನವನ ದಾರಿ ಕಾಯುವ ಚಟ ನಮ್ಮ ಹಳ್ಳಿಗಳಿಗೆ ಹತ್ತಿತು. ಆ ಮನೆಗಳಲ್ಲಿ ಒಬ್ಬರು ಓದುತ್ತಿದ್ದರು, ಉಳಿದವರು ಕೇಳುತ್ತಿದ್ದರು. ಹಾಗೆ ನೋಡಿದರೆ ಅದರ ಓದುಗರನ್ನು ಚಂದಾದಾರರ ಪಟ್ಟಿಯಿಂದ ಎಣಿಸಲು ಬರುವುದಿಲ್ಲ.

ಓದಿನ ರುಚಿ ಹೆಪ್ಪಿನ ಹಾಗೆ. ನಮ್ಮ ಓಣಿಗಳಲ್ಲಿ ಇವತ್ತಿಗೂ ಒಬ್ಬರ ಮನೆಯ ಹೆಪ್ಪು ತೀರಿದರೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುತ್ತಾರೆ. ‘ಒಂದ್ ಚಮಚಾ ಹೆಪ್ಪು ಕೊಡ್ರೀ ಅಕ್ಕಾರ’ ಎಂದು ಕೇಳಲು ಯಾರಿಗೂ ಸಂಕೋಚವಿಲ್ಲ, ಇಲ್ಲ ಎನ್ನುವವರೂ ಇಲ್ಲ. (ದೀಪ ಹಚ್ಚಿದ ಮೇಲೆ ಕೊಡಬಾರದು ಎನ್ನುವ ಹಿರಿಯರಿದ್ದಾರೆ, ಅದಕ್ಕೇ ಬಟ್ಟಲು ಹೊತ್ತಿರುವಾಗಲೇ ಬರುತ್ತದೆ.) ಕೊಟ್ಟವರಿಗೆ ಒಂದು ಚಮಚೆ ಕಡಿಮೆಯಾದದ್ದು ಗೊತ್ತೂ ಆಗುವುದಿಲ್ಲ. ತೆಗೆದುಕೊಂಡವರ ಮನೆಯಲ್ಲಿ ಮುಂಜಾನೆ ಒಂದು ಗಡಿಗೆ ಮೊಸರು. ನಾಲ್ಕು ದಿನ ಬಿಟ್ಟು ಅದೇ ಮೊಸರಿನಿಂದ ಒಂದು ಚಮಚೆ ಇನ್ನೊಂದು ಮನೆಗೆ. ಗಳಗನಾಥರು ಬಾಗಿಲಿಗೆ ಒಯ್ದದ್ದು ಅಂಥ ಚಮಚೆ. ‘ಹನಿಗೂಡಿ ಹಳ್ಳ, ತೆನೆಗೂಡಿ ಬಳ್ಳ’ ಎಂಬ ಗಾದೆಯನ್ನು ಸಣ್ಣ ಕೆಲಸಗಳ ಮಾತು ಬಂದಾಗಲೆಲ್ಲ ಹೇಳುತ್ತೇವೆ. ಗಾದೆ ನಿಜ. ಆದರೆ ಅದರಲ್ಲಿ ಕೂಡುವುದರ ಲೆಕ್ಕ ಮಾತ್ರ ಇದೆ. ಹೆಪ್ಪು ಹಾಲಿನ ಜೊತೆ ಕೂಡಿ ಸುಮ್ಮನಿರುವುದಿಲ್ಲ. ಹಾಲನ್ನೇ ಬೇರೆ ಮಾಡುತ್ತದೆ. ಒಬ್ಬರ ಸಣ್ಣ ಕೆಲಸ ಇನ್ನೊಬ್ಬರೊಳಗೆ ಹೋಗಿ ಅಲ್ಲಿ ಮತ್ತೊಂದಕ್ಕೆ ಮೊದಲಾಗುವುದು ನನ್ನನ್ನು ಬಹಳ ಹಿಡಿದಿಟ್ಟಿದೆ.

ಈಗ ಸಣ್ಣ ಅಭ್ಯಾಸಗಳಿಂದ ಬದುಕು ಸುಧಾರಿಸುವ ಬಗೆ ಹೇಳುವ ಪುಸ್ತಕಗಳು ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲೂ ಸಿಗುತ್ತವೆ. ನಸುಕಿನಲ್ಲಿ ಏಳಿ, ಇಷ್ಟು ಹೆಜ್ಜೆ ನಡೆಯಿರಿ, ಇಷ್ಟು ಲೋಟ ನೀರು ಕುಡಿಯಿರಿ, ದಿನಕ್ಕೊಂದು ಒಳ್ಳೆಯ ವಿಚಾರ ಬರೆದಿಡಿ. ಅವುಗಳಲ್ಲಿ ತಪ್ಪೇನಿಲ್ಲ, ಮಾಡಿದವರಿಗೆ ಗುಣವೂ ಕಂಡಿದೆ. ಆದರೆ ಆ ಪುಸ್ತಕಗಳ ಅಂಗಳದಲ್ಲಿ ಒಬ್ಬನೇ ಓಡಾಡುತ್ತಿರುತ್ತಾನೆ. ನನ್ನ ನಿದ್ದೆ, ನನ್ನ ತೂಕ, ನನ್ನ ಏಳಿಗೆ. ನಮ್ಮ ಹಿರಿಯರು ನಿತ್ಯದ ಬದುಕಿಗೆ ಹೊಂದಿಸಿಟ್ಟ ಸಣ್ಣ ಕೆಲಸಗಳನ್ನು ನೋಡಿ. ಅವುಗಳಲ್ಲಿ ಬಹುಪಾಲು ಹೊಸ್ತಿಲಿನ ಆಚೆಗೆ ಕೈ ಚಾಚುತ್ತವೆ. ಅಂಗಳ ಗುಡಿಸಿ ಸಾರಿಸಿ ರಂಗೋಲಿ ಹಾಕಿದರೆ ಅದನ್ನು ನೋಡುವುದು ಬೀದಿಯಲ್ಲಿ ಹೋಗುವವರು. ಹೆಂಚಿನ ಮೇಲಿನ ಮೊದಲ ರೊಟ್ಟಿಯನ್ನು ಎತ್ತಿಟ್ಟು ಆಕಳಿಗೆ ಕೊಡುವ ಮನೆಗಳು ಇನ್ನೂ ಇವೆ. ಬೇಸಿಗೆ ಬಂದರೆ ಅರವಟ್ಟಿಗೆ. ಮಣ್ಣಿನ ಹರವಿಗೆ ಒದ್ದೆ ಅರಿವೆ ಸುತ್ತಿ, ಪಕ್ಕದಲ್ಲಿ ಒಂದು ಲೋಟ ಇಟ್ಟರೆ ಮುಗಿಯಿತು. ದಾರಿಯ ಮನುಷ್ಯ ಕುಡಿದು ಹೋಗುತ್ತಾನೆ, ಇಟ್ಟವರಾರೆಂದು ಕೇಳುವುದಿಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬುತ್ತಿ ಇಲ್ಲದೆ ಹಾದಿಯಲ್ಲಿ ಹೊರಟವನನ್ನೂ ಕೂಗಿ ಕರೆದು ಉಣ್ಣಿಸುತ್ತೇವೆ. ಆ ದಿನ ನಮ್ಮ ಹೊಲಗಳಲ್ಲಿ ಯಾರೂ ಹಸಿದು ಹೋಗುವ ಹಾಗಿಲ್ಲ.

ದಸರೆಯ ಬನ್ನಿಯನ್ನು ನಾನು ಇವೆಲ್ಲಕ್ಕಿಂತ ಮೇಲೆ ಇಡುತ್ತೇನೆ. ವಿಜಯದಶಮಿಯ ಸಂಜೆ ಬನ್ನಿಯ ಎಲೆ ಹಿಡಿದು ಮನೆಮನೆಗೆ ಹೋಗಿ, ‘ಬಂಗಾರ ತಗೊಂಡು ಬಂಗಾರದಾಂಗ ಇರೂಣು’ ಎಂದು ಕೊಟ್ಟು ತೆಗೆದುಕೊಳ್ಳುವ ಪದ್ಧತಿ. ಕಿರಿಯರು ಹಿರಿಯರ ಕಾಲು ಮುಟ್ಟುತ್ತಾರೆ, ಸಮವಯಸ್ಕರು ಅಪ್ಪಿಕೊಳ್ಳುತ್ತಾರೆ. ವರ್ಷವಿಡೀ ಬದುವಿನ ಜಗಳದಲ್ಲಿ ಮಾತು ಬಿಟ್ಟ ಅಣ್ಣ ತಮ್ಮಂದಿರು ಆ ಸಂಜೆ ಎದುರು ಬದುರಾಗುವುದನ್ನು ನೋಡಿದ್ದೇನೆ. ಇಬ್ಬರೂ ನೆಲ ನೋಡುತ್ತಾರೆ. ನಡುವೆ ಒಬ್ಬ ಹುಡುಗ ‘ಕಾಕಾ, ಬನ್ನಿ ತಗೋರಿ’ ಎಂದು ಕೈ ಚಾಚಿಬಿಡುತ್ತಾನೆ. ತೆಗೆದುಕೊಳ್ಳದೆ ಇರಲು ಬರುವುದಿಲ್ಲ. ತೆಗೆದುಕೊಂಡ ಮೇಲೆ ಒಂದು ಮಾತು ಆಡದೆ ಇರಲೂ ಬರುವುದಿಲ್ಲ. ಬದುವಿನ ಜಗಳ ಅದರಿಂದ ಬಗೆಹರಿಯುತ್ತದೆ ಎಂದು ನಾನು ಹೇಳಲಾರೆ. ಸರ್ವೆಯವರು ಬರಬೇಕು, ಕಾಗದ ನೋಡಬೇಕು. ಆದರೆ ಮಾರನೆಯ ದಿನದಿಂದ ಆ ಎರಡು ಮನೆಗಳ ಹೆಣ್ಣುಮಕ್ಕಳು ನೀರಿಗೆ ಹೋದಾಗ ಮುಖ ತಿರುಗಿಸುವುದಿಲ್ಲ. ಒಂದು ಎಲೆಗೆ ಅಷ್ಟು ಬಲ ಇದೆ ಎಂದು ಕಂಡುಹಿಡಿದವರು ಮನುಷ್ಯನ ಸ್ವಭಾವವನ್ನು ಚೆನ್ನಾಗಿ ಬಲ್ಲವರು.

ಗಳಗನಾಥಕ್ಕೆ ದೂರವಿಲ್ಲದ ಹೊಸರಿತ್ತಿಯನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ವರದೆಯ ದಂಡೆಯ ಊರೇ ಅದೂ. 1943ರ ಏಪ್ರಿಲ್ 1ರಂದು ಅಲ್ಲಿ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವ ಬ್ರಿಟಿಷ್ ಪೊಲೀಸರ ಗುಂಡಿಗೆ ಬಲಿಯಾದರು. ಅವರ ಜೊತೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಮಹಾದೇವ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದವರು, ಹದಿಹರೆಯದಲ್ಲೇ ಸಾಬರಮತಿಗೆ ಹೋಗಿ 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದವರು. ಈ ಎರಡು ಸಂಗತಿ, ದಂಡಿ ಮತ್ತು ಗುಂಡು, ನಮ್ಮ ಮಕ್ಕಳಿಗೆಲ್ಲ ಗೊತ್ತು. ನಡುವಿನ ವರ್ಷಗಳ ಮಾತು ಬರುವುದು ಕಡಿಮೆ. ಹಾವೇರಿ ಹತ್ತಿರದ ಕೊರಡೂರಿನಲ್ಲಿ ಆಶ್ರಮ ಕಟ್ಟಿಕೊಂಡು ಅವರು ಮಾಡಿದ್ದು ನೂಲುವುದು, ನೂಲಲು ಕಲಿಸುವುದು, ಊರು ಚೊಕ್ಕಟ ಇಡಲು ಹೇಳಿಕೊಡುವುದು. ಹೆಂಡತಿ ಸಿದ್ದಮ್ಮನವರೂ ಚಳವಳಿಗಿಳಿದು ಜೈಲು ಕಂಡವರು. ಚರಕದ ಮುಂದೆ ಕೂತವರ ಕೈಯಲ್ಲಿ ಒಂದು ತಾಸಿಗೆ ಬರುವುದು ಎಷ್ಟು ನೂಲು! ಅದನ್ನು ದಿನವೂ ಮಾಡುವ ತಾಳ್ಮೆ ಇದ್ದವರಿಗೆ ಮಾತ್ರ ಹೊಸರಿತ್ತಿಯ ಆ ದಿನದ ಧೈರ್ಯ ಬಂದೀತು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಒಮ್ಮೆಲೇ ಎದೆಯೊಡ್ಡುವ ಶಕ್ತಿ ಅಂದೇ ಹುಟ್ಟುವಂಥದ್ದಲ್ಲ. ಕಾಣದ ಸಣ್ಣ ಕೆಲಸಗಳಲ್ಲಿ ಅದು ಬಹಳ ವರ್ಷ ಬೆಳೆದಿರುತ್ತದೆ.

ನಿತ್ಯದ ಕೆಲಸವೇ ಬೇಸರ ತರುವಂಥದ್ದಾದರೆ? ಬ್ಯಾಡಗಿಗೆ ಹೋಗಿ ನೋಡಬೇಕು. ಸೋಮವಾರ, ಗುರುವಾರ ಅಲ್ಲಿ ಮೆಣಸಿನಕಾಯಿ ಪೇಟೆ. ಸುಗ್ಗಿಯ ದಿನಗಳಲ್ಲಿ ಊರು ಮುಟ್ಟುವ ಮೊದಲೇ ಗಾಳಿಯಲ್ಲಿ ಘಾಟು ಹತ್ತುತ್ತದೆ, ಹೊಸಬರು ಸೀನತೊಡಗುತ್ತಾರೆ. ಡಬ್ಬಿ, ಕಡ್ಡಿ ಎಂದು ಎರಡು ಬಗೆ; ಖಾರಕ್ಕಿಂತ ಬಣ್ಣಕ್ಕೆ ಹೆಸರು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ನಾನು ಹೇಳಹೊರಟದ್ದು ಅಲ್ಲಿ ಕೂತು ತೊಟ್ಟು ಬಿಡಿಸುವ ಹೆಣ್ಣುಮಕ್ಕಳನ್ನು. ತಲೆಗೆ ಸೆರಗು ಬಿಗಿದು, ಮೂಗಿಗೆ ಅರಿವೆ ಕಟ್ಟಿ, ಕೆಂಪು ರಾಶಿಯ ಮುಂದೆ ಹೊತ್ತು ಮುಳುಗುವ ತನಕ ಕೂಡುತ್ತಾರೆ. ಕೈ ಉರಿ, ಕಣ್ಣು ಉರಿ. ಅಂಥಲ್ಲಿ ಒಬ್ಬಾಕೆ ಹಾಡಿನ ಒಂದು ಎಳೆ ಎತ್ತುತ್ತಾಳೆ, ಇನ್ನೊಬ್ಬಾಕೆ ಮುಂದುವರಿಸುತ್ತಾಳೆ. ಅಥವಾ ನಿನ್ನೆ ನೋಡಿದ ನಾಟಕದ ಕಥೆಯನ್ನು ಒಬ್ಬಾಕೆ ಎಲ್ಲ ಪಾತ್ರಗಳ ದನಿ ತೆಗೆದು ಹೇಳುತ್ತಾಳೆ. ಹೊಸದಾಗಿ ಬಂದ ಎಳೆಯ ಹುಡುಗಿಗೆ ಹಿರಿಯಾಕೆ ಮೊದಲೇ ಎಣ್ಣೆ ಕೊಟ್ಟು ‘ಕೈಗೆ ಹಚ್ಚಿಕೋ ಯವ್ವಾ, ಉರಿ ಕಡಿಮಿ ಆಕ್ಕತಿ’ ಎನ್ನುತ್ತಾಳೆ. ಕೂಲಿ ಇದರಿಂದ ಹೆಚ್ಚುವುದಿಲ್ಲ. ಕೂಲಿ ಹೆಚ್ಚಬೇಕು, ಅದು ಬೇರೆ ಮಾತು ಮತ್ತು ದೊಡ್ಡ ಮಾತು. ಹಾಡು ಅದಕ್ಕೆ ಬದಲಿಯಲ್ಲ. ಆದರೂ ಆ ಎಣ್ಣೆಯ ಹನಿ ಮತ್ತು ಆ ಹಾಡು ಇಲ್ಲದಿದ್ದರೆ ಆ ದಿನ ಎಷ್ಟು ಉದ್ದವಾಗುತ್ತಿತ್ತು ಎಂಬುದು ಕೂತವರಿಗೇ ಗೊತ್ತು.

ನಾನು ಗಳಗನಾಥರಿಂದ ಕಲಿತದ್ದು ಒಂದೇ ಕೆಲಸ, ಗಟ್ಟಿಯಾಗಿ ಓದುವುದು. ಸಂಜೆ ಕಟ್ಟೆಯ ಮೇಲೆ ಕೂತು ಒಂದಷ್ಟು ಪುಟ ಓದುತ್ತೇನೆ. ಕೇಳಲು ಬರುವವರಲ್ಲಿ ಓಣಿಯ ಮಕ್ಕಳಿದ್ದಾರೆ, ಅಕ್ಷರ ಬಾರದ ಒಬ್ಬ ಅಜ್ಜಿಯೂ ಇದ್ದಾರೆ. ಅಜ್ಜಿ ಶೇಂಗಾ ಒಡೆಯುತ್ತಲೋ ಬತ್ತಿ ಹೊಸೆಯುತ್ತಲೋ ಕೇಳುತ್ತಾರೆ. ಕಥೆಯಲ್ಲಿ ಯಾರಾದರೂ ಕೆಟ್ಟ ಕೆಲಸ ಮಾಡಹೊರಟರೆ ‘ಬ್ಯಾಡೋ ಯಪ್ಪಾ’ ಎಂದು ಅವನಿಗೇ ಬುದ್ಧಿ ಹೇಳುತ್ತಾರೆ. ಮಕ್ಕಳಿಗೆ ಓದು ಎಂದರೆ ಸಾಲಿಯ ಪಾಠ, ಅದರ ಹಿಂದೆ ಪರೀಕ್ಷೆ ಎಂದೇ ಗೊತ್ತಿರುತ್ತದೆ. ಕೇಳಿ ಸುಮ್ಮನಾಗಬಹುದಾದ ಓದು, ಪ್ರಶ್ನೆ ಬಾರದ ಓದು ಇದೆ ಎಂದು ತಿಳಿದಾಗ ಅವರ ಕೂಡುವ ಭಂಗಿಯೇ ಬದಲಾಗುತ್ತದೆ. ಮೊದಲು ಬೆನ್ನು ನೆಟ್ಟಗೆ ಮಾಡಿ ಕೂತವರು ಆಮೇಲೆ ಒಬ್ಬರ ಮೇಲೊಬ್ಬರು ಒರಗುತ್ತಾರೆ. ಸ್ವಲ್ಪ ದಿನ ಕಳೆದ ಮೇಲೆ ಒಬ್ಬ ಹುಡುಗಿ ‘ಇವತ್ತ ನಾ ಓದ್ತೀನಿ’ ಎಂದು ಪುಸ್ತಕ ಎಳೆದುಕೊಂಡಳು. ತಡವರಿಸಿದಳು, ಬೆರಳಿಟ್ಟು ಓದಿದಳು, ಅಜ್ಜಿ ನಡುವೆ ಬಾಯಿ ಹಾಕದೆ ಕೇಳಿದರು. ಅಂದಿನಿಂದ ನಾನು ಕೇಳುವವರ ಸಾಲಿನಲ್ಲಿ ಕೂಡುವ ಸಂಜೆಗಳೂ ಇವೆ, ಮತ್ತು ಅವು ನನಗೆ ಹೆಚ್ಚು ಇಷ್ಟ.

ಇದು ಹೊಸ ಪದ್ಧತಿಯೂ ಅಲ್ಲ. ಶ್ರಾವಣ ಬಂತೆಂದರೆ ನಮ್ಮ ಕಡೆಯ ಮಠ, ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಬಿಡಿಸಿ ಹೇಳುತ್ತಾರೆ, ಊರೇ ಕೂತು ಕೇಳುತ್ತದೆ. ಕೇಳಿಯೇ ಕಲಿತ ಜನ ನಾವು. ಆ ತಿಂಗಳ ಪದ್ಧತಿಯನ್ನು ಮನೆಯ ಕಟ್ಟೆಗೆ, ವಾರದ ಯಾವುದಾದರೂ ಸಂಜೆಗೆ ಇಳಿಸಿಕೊಳ್ಳಲು ದುಡ್ಡೂ ಬೇಡ, ಅಪ್ಪಣೆಯೂ ಬೇಡ. ಫೋನಿನಲ್ಲಿ ಎಲ್ಲ ಕಥೆಗಳೂ ಸಿಗುತ್ತವಲ್ಲ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಸಿಗುತ್ತವೆ, ಆದರೆ ಫೋನು ನಡುವೆ ನಿಲ್ಲಿಸಿ ಕೇಳುವವರ ಮುಖ ನೋಡುವುದಿಲ್ಲ. ಎಲ್ಲಿ ನಿಲ್ಲಿಸಬೇಕು ಎಂಬುದು ಓದುವವರಿಗೆ ಗೊತ್ತಾಗುವುದು ಕೇಳುವವರ ಕಣ್ಣಿನಿಂದ.

ಪುಸ್ತಕದ ಮಾತು ಬಂದ ಮೇಲೆ ಹಾವೇರಿಯ ಏಲಕ್ಕಿ ಹಾರದ ಬಗ್ಗೆಯೂ ಒಂದು ಮಾತು ಹೇಳಬೇಕು. ಏಲಕ್ಕಿಯನ್ನು ಒಂದೊಂದಾಗಿ ಪೋಣಿಸಿ, ಬಣ್ಣದ ದಾರ, ಜರಿ ಸೇರಿಸಿ ಕಟ್ಟುವ ಆ ಹಾರ ನಮ್ಮ ಜಿಲ್ಲೆಯ ಹೆಮ್ಮೆ. ಹಾವೇರಿಯಲ್ಲಿ ಯಾರಿಗೇ ಸನ್ಮಾನವಾಗಲಿ, ಅದು ಕೊರಳಿಗೆ ಬೀಳಲೇಬೇಕು. ಹಾರ ಬೇಡ, ಪುಸ್ತಕ ಕೊಡಿ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಒಳ್ಳೆಯ ಮಾತು. ಆದರೆ ನಮ್ಮಲ್ಲಿ ಹಾರ ಕಟ್ಟುವ ಬೆರಳುಗಳಿವೆ, ಅವುಗಳಿಗೂ ಕೆಲಸ ಇರಬೇಕು. ಆದ್ದರಿಂದ ಹಾವೇರಿಯವರು ಎರಡನ್ನೂ ಕೊಡಲಿ: ಕೊರಳಿಗೆ ಏಲಕ್ಕಿ, ಕೈಗೆ ಒಂದು ಕನ್ನಡ ಪುಸ್ತಕ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಮೂರು ದಿನ ಜನಸಾಗರ. ಅಂಥ ಜಾತ್ರೆ ಬೇಕು, ಮನಸ್ಸು ಹಿಗ್ಗುತ್ತದೆ. ಸಮ್ಮೇಳನ ಮತ್ತೆ ಹಾವೇರಿಗೆ ಬರಲು ಎಷ್ಟು ವರ್ಷವಾದೀತೋ. ಅಲ್ಲಿಯ ತನಕ ಕನ್ನಡವನ್ನು ಬಾಗಿಲಿನಿಂದ ಬಾಗಿಲಿಗೆ ಒಯ್ಯುವ ಕೆಲಸ ನಮ್ಮ ನಿಮ್ಮ ಪಾಲಿಗೇ ಇದೆ.

ಆ ಕೆಲಸ ಈಗ ಗಳಗನಾಥರ ಕಾಲದಷ್ಟು ಕಷ್ಟದ್ದಲ್ಲ. ಕರ್ನಾಟಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ಈಗ ಅವುಗಳ ಹೆಸರು ಅರಿವು ಕೇಂದ್ರ. ಶಾಲೆಗಳು ಮುಚ್ಚಿದ್ದ 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಶುರುವಾಗಿ, ಹಳ್ಳಿಯ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಪುಕ್ಕಟೆಯಾಯಿತು. ಎಷ್ಟೋ ಊರುಗಳಲ್ಲಿ ಗೋಡೆಗೆ ಬಣ್ಣ ಬಂದಿದೆ, ಮಕ್ಕಳ ಎತ್ತರಕ್ಕೆ ಕಪಾಟು ಬಂದಿದೆ, ಮೇಲ್ವಿಚಾರಕರು ಮಕ್ಕಳನ್ನು ಕೂಡಿಸಿ ಕಥೆ ಓದಿಸುತ್ತಾರೆ. ಪುಸ್ತಕಗಳು ಊರಿಗೆ ಬಂದು ಕೂತಿವೆ. ಓಣಿಯ ತುದಿಯ ಮನೆಯ ತನಕ, ಸಾಲಿ ಮುಗಿಸಿ ದನ ಮೇಯಿಸಲು ಹೋಗುವ ಹುಡುಗನ ತನಕ, ತವರಿಗೆ ಬಾಣಂತನಕ್ಕೆ ಬಂದು ಕೂತ ಹೆಣ್ಣುಮಗಳ ತನಕ ಅವು ತಾವಾಗಿ ನಡೆದು ಹೋಗುವುದಿಲ್ಲ.

ಅದಕ್ಕೇ ಓದುವ ನಿಮ್ಮಲ್ಲಿ ನನ್ನದೊಂದು ಬಿನ್ನಹ. ಈ ವಾರ ನಿಮ್ಮೂರಿನ ಅರಿವು ಕೇಂದ್ರಕ್ಕೆ ಹೋಗುವಾಗ ನೆರೆಮನೆಯ ಒಂದು ಮಗುವನ್ನು ಕೈ ಹಿಡಿದು ಕರೆದುಕೊಂಡು ಹೋಗಿ, ಅದರ ಹೆಸರು ಹಚ್ಚಿಸಿ. ಬರುವಾಗ ಎರಡು ಪುಸ್ತಕ ತನ್ನಿ: ಒಂದು ಆ ಮಗುವಿಗೆ, ಇನ್ನೊಂದು ನೀವು ಯಾರ ಮನೆಯ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುತ್ತೀರೋ ಅವರಿಗೆ.